ಅಕ್ಷಾಂಶ ರೇಖಾಂಶಗಳ ಕಣ್ಣಾಮುಚ್ಚಾಲೆ

ನಮ್ಮ ಕಾಲೇಜಿಗೆ ಬರುವ ವಿದ್ಯಾರ್ಥಿಗಳಲ್ಲಿ ಹಲವರು ಟಿನ್ ಫ್ಯಾಕ್ಟರಿಯಲ್ಲಿ ಬಸ್ಸು ಬದಲಾಯಿಸುವವರು. ನಾನೂ ಅವರಲ್ಲಿ ಒಬ್ಬ. ಲೆಕ್ಕ ಹಾಕಿ ನೋಡಿದರೆ ನಾನು ಪರೀಕ್ಷೆಗೆಂದು ಓದಿದ ಗಂಟೆಗಳಿಗಿಂತ ಅಲ್ಲಿ ಬಸ್ಸಿಗಾಗಿ ಕಾದ ಗಂಟೆಗಳೇ ಹೆಚ್ಚಾದಾವು. ಆದರೂ ಕಳೆದ ವರ್ಷ ಭೂಗೋಳದ ತರಗತಿಯಲ್ಲಿ ನಮ್ಮ ಅಧ್ಯಾಪಕರು, "ಟಿನ್ ಫ್ಯಾಕ್ಟರಿ ಎಲ್ಲಿದೆ, ಹೇಳಿ ನೋಡೋಣ" ಎಂದು ಕೇಳಿದಾಗ ನನಗೆ ಉತ್ತರ ಹೊಳೆಯಲಿಲ್ಲ. ಒಬ್ಬ ಗೆಳೆಯ "ಸೇತುವೆಯ ಹತ್ತಿರ ಸಾರ್" ಎಂದ. ಮತ್ತೊಬ್ಬಳು "ಬೆನ್ನಿಗಾನಹಳ್ಳಿಯಲ್ಲಿ" ಎಂದಳು. ಇನ್ನೊಬ್ಬ "ಹೊರವರ್ತುಲ ರಸ್ತೆಯೂ ಹಳೆಯ ಮದರಾಸು ರಸ್ತೆಯೂ ಸೇರುವ ಕಡೆ" ಎಂದ. "ಸರಿ, ಹೆಸರು ಕೊಟ್ಟ ಆ ಕಾರ್ಖಾನೆಯನ್ನು ನೋಡಿದವರು ಕೈ ಎತ್ತಿ" ಎಂದರು ಅಧ್ಯಾಪಕರು. ಒಂದು ಕೈಯೂ ಏಳಲಿಲ್ಲ.

ಅವರು ಹಲಗೆಯ ಮೇಲೆ ಎರಡು ಸಂಖ್ಯೆಗಳನ್ನು ಬರೆದರು: ಉತ್ತರ ಅಕ್ಷಾಂಶ ೧೨ ಡಿಗ್ರಿ ೫೯ ಮಿನಿಟಿಗೆ ಸ್ವಲ್ಪ ಮೇಲೆ, ಪೂರ್ವ ರೇಖಾಂಶ ೭೭ ಡಿಗ್ರಿ ೪೦ ಮಿನಿಟಿನ ಆಸುಪಾಸು. ಎಂದರೆ ಹದಿಮೂರನೆಯ ಅಕ್ಷಾಂಶ ರೇಖೆ ನಾವು ಬಸ್ಸಿಗೆ ಕಾಯುವ ಸ್ಥಳಕ್ಕೆ ತುಸುವೇ ಉತ್ತರದಲ್ಲಿ ಹಾದುಹೋಗುತ್ತದೆ. ಅದನ್ನು ಹಿಡಿದು ಪಶ್ಚಿಮಕ್ಕೆ ಹೋದರೆ ಸುರತ್ಕಲ್ಲಿನ ಬಳಿ ಅರಬ್ಬೀ ಸಮುದ್ರ. ಪೂರ್ವಕ್ಕೆ ಹೋದರೆ ಚೆನ್ನೈನ ಅಡ್ಯಾರಿನ ಬಳಿ ಬಂಗಾಳ ಕೊಲ್ಲಿ. ಇಷ್ಟು ದೊಡ್ಡ ಗೆರೆಯೊಂದು ನಮ್ಮ ಪಕ್ಕದಲ್ಲೇ ಇದ್ದುದು ನಮಗೆ ತಿಳಿದಿರಲಿಲ್ಲ. ಆ ದಿನ ಸಂಜೆ ನಾವು ಮೂವರು ಮೊಬೈಲನ್ನು ಕೈಯಲ್ಲಿ ಹಿಡಿದು ಆ ಗೆರೆಯನ್ನು ಹುಡುಕಲು ಹೊರಟೆವು. ಅಂಕೆಗಳು ನಿಧಾನವಾಗಿ ಏರಿದವು. ಕೃಷ್ಣರಾಜಪುರ ರೈಲು ನಿಲ್ದಾಣದ ಆಸುಪಾಸಿನಲ್ಲಿ ೧೨.೯೯೯ ಎಂದೂ ೧೩.೦೦೦ ಎಂದೂ ಹಿಂದುಮುಂದಾಗತೊಡಗಿದವು. ಜನ ನಮ್ಮನ್ನು ವಿಚಿತ್ರವಾಗಿ ನೋಡಿದರು. ನಮಗೆ ಮಾತ್ರ ಕೊಲಂಬಸ್ ದಡ ಕಂಡಷ್ಟೇ ಸಂತೋಷವಾಯಿತು.

ಈ ಸಂತೋಷವನ್ನೇ ಹವ್ಯಾಸವಾಗಿ ಮಾಡಿಕೊಂಡವರು ಪ್ರಪಂಚದಲ್ಲಿ ಲಕ್ಷಾಂತರ ಮಂದಿ ಇದ್ದಾರೆಂದು ಆಮೇಲೆ ತಿಳಿಯಿತು. ಆ ಹವ್ಯಾಸದ ಹೆಸರು ಜಿಯೋಕ್ಯಾಶಿಂಗ್. 'ಜಿಯೋ' ಎಂದರೆ ಭೂಮಿ. 'ಕ್ಯಾಶ್' ಎಂದೊಡನೆ ಬ್ಯಾಂಕಿನ ನಗದೆಂದು ತಿಳಿಯಬಾರದು. ಬಚ್ಚಿಡುವುದು ಎಂಬರ್ಥದ ಫ್ರೆಂಚ್ ಮಾತಿನಿಂದ ಬಂದ ಪದವದು. ಒಬ್ಬರು ಒಂದು ಡಬ್ಬಿಯನ್ನು ಎಲ್ಲಿಯೋ ಮರೆಮಾಡಿ ಅದರ ಅಕ್ಷಾಂಶ ರೇಖಾಂಶಗಳನ್ನು ಪ್ರಕಟಿಸುತ್ತಾರೆ. ಉಳಿದವರು ಆ ಸಂಖ್ಯೆಗಳನ್ನೇ ದಾರಿದೀಪ ಮಾಡಿಕೊಂಡು ಹುಡುಕುತ್ತಾರೆ. ಡಬ್ಬಿಯೊಳಗೆ ಒಂದು ಪುಸ್ತಕ, ಒಂದು ಪೆನ್ಸಿಲು, ಕೆಲವು ಚಿಕ್ಕ ಸಾಮಾನು ಇರುತ್ತವೆ. ಸಿಕ್ಕವರು ಪುಸ್ತಕದಲ್ಲಿ ಹೆಸರು, ದಿನಾಂಕ ಬರೆದು, ಡಬ್ಬಿಯನ್ನು ಇದ್ದ ಹಾಗೆಯೇ ಇದ್ದ ಕಡೆಯೇ ಇಟ್ಟು ಬರಬೇಕು. ಒಳಗಿನ ವಸ್ತುವೊಂದನ್ನು ತೆಗೆದುಕೊಂಡರೆ ಅದರಷ್ಟೇ ಬೆಲೆಬಾಳುವ ಇನ್ನೊಂದನ್ನು ಇಡಬೇಕು.

ಇದರ ಮೂಲ ಇಂಗ್ಲೆಂಡಿನ ಡಾರ್ಟ್‌ಮೂರ್ ಎಂಬ ಬಂಜರು ಬೆಟ್ಟನಾಡಿನಲ್ಲಿದೆ. ೧೮೫೪ರಲ್ಲಿ ಜೇಮ್ಸ್ ಪೆರಟ್ ಎಂಬ ಮಾರ್ಗದರ್ಶಿ ಅಲ್ಲಿನ ಕ್ರಾನ್‌ಮಿಯರ್ ಎಂಬ ದುರ್ಗಮ ಸ್ಥಳದಲ್ಲಿ ಒಂದು ಬಾಟಲಿಯನ್ನಿಟ್ಟ. ಅಷ್ಟು ದೂರ ನಡೆದು ಬಂದವರು ತಮ್ಮ ಹೆಸರಿನ ಚೀಟಿಯನ್ನು ಅದರಲ್ಲಿ ಹಾಕಿ ಹೋಗುತ್ತಿದ್ದರು. ಕಾಲಕ್ರಮದಲ್ಲಿ ಅದು 'ಲೆಟರ್‌ಬಾಕ್ಸಿಂಗ್' ಎಂಬ ಆಟವಾಯಿತು. ಅಲ್ಲಿ ಸುಳಿವುಗಳು ಮಾತಿನಲ್ಲಿರುತ್ತಿದ್ದವು: ಇಂಥ ಬಂಡೆಯಿಂದ ಇಷ್ಟು ಹೆಜ್ಜೆ, ಇಂಥ ಮರದ ಎಡಕ್ಕೆ, ಹೀಗೆ. ಮಾತಿನ ಸ್ಥಾನದಲ್ಲಿ ಸಂಖ್ಯೆ ಬರಲು ಒಂದೂವರೆ ಶತಮಾನ ಹಿಡಿಯಿತು.

ಅಮೆರಿಕದ ಸೈನ್ಯ ಬೆಳೆಸಿದ ಜಿ.ಪಿ.ಎಸ್. ಉಪಗ್ರಹಗಳ ಸಂಕೇತವನ್ನು ಸಾರ್ವಜನಿಕರಿಗೆ ಬೇಕೆಂದೇ ಕೆಡಿಸಿ ಕೊಡುತ್ತಿದ್ದರು; ಆಗ ನೂರು ಮೀಟರಿನಷ್ಟು ತಪ್ಪು ಬರುತ್ತಿತ್ತು. ೨೦೦೦ದ ಮೇ ತಿಂಗಳ ಆರಂಭದಲ್ಲಿ ಅಧ್ಯಕ್ಷ ಕ್ಲಿಂಟನ್ನರ ಆಜ್ಞೆಯಂತೆ ಆ ಕೆಡಿಸುವಿಕೆ ನಿಂತಿತು. ಮೇ ೩ರಂದು ಓರೆಗಾನ್ ರಾಜ್ಯದ ಡೇವ್ ಉಲ್ಮರ್ ಎಂಬಾತ ಪೋರ್ಟ್‌ಲೆಂಡ್ ನಗರದ ಹೊರಗಿನ ಕಾಡಿನಲ್ಲಿ ಒಂದು ಬಕೆಟ್ಟನ್ನಿಟ್ಟು, ಉತ್ತರ ೪೫ ಡಿಗ್ರಿ ೧೭.೪೬೦ ಮಿನಿಟು, ಪಶ್ಚಿಮ ೧೨೨ ಡಿಗ್ರಿ ೨೪.೮೦೦ ಮಿನಿಟು ಎಂದು ಲೋಕಕ್ಕೆ ತಿಳಿಸಿದ. ಬಕೆಟ್ಟಿನಲ್ಲಿ ಪುಸ್ತಕ, ಕವಣೆ ಮುಂತಾದವುಗಳ ಜೊತೆಗೆ ಬೇಯಿಸಿದ ಹುರುಳಿಕಾಯಿ ಬೀಜದ ಡಬ್ಬವೂ ಒಂದಿತ್ತಂತೆ. ಮೈಕ್ ಟೀಗ್ ಎಂಬಾತ ಅದನ್ನು ಮೊದಲು ಹುಡುಕಿದ. ಅದೇ ತಿಂಗಳು ಮ್ಯಾಟ್ ಸ್ಟಮ್ ಎಂಬಾತ ಜಿಯೋಕ್ಯಾಶಿಂಗ್ ಎಂಬ ಹೆಸರನ್ನು ಸೂಚಿಸಿದ. ಸೆಪ್ಟೆಂಬರ್ ೨ರಂದು ಜೆರೆಮಿ ಐರಿಶ್ ಇದಕ್ಕಾಗಿ ಒಂದು ಜಾಲತಾಣವನ್ನು ತೆರೆದಾಗ ಗೊತ್ತಿದ್ದ ಡಬ್ಬಿಗಳು ೭೫. ಇಂದು ಮೂವತ್ತು ಲಕ್ಷಕ್ಕೂ ಹೆಚ್ಚು.

ಈ ಸಂಖ್ಯೆಗಳು ನಮ್ಮನ್ನು ಡಬ್ಬಿಯ ಬುಡಕ್ಕೆ ಹೇಗೆ ತಲುಪಿಸುತ್ತವೆ? ಕಲಾವಿಭಾಗದವನಾದ ನನಗೆ ಅರ್ಥವಾದಷ್ಟನ್ನು ಹೇಳುತ್ತೇನೆ. ಜಿ.ಪಿ.ಎಸ್. ಉಪಗ್ರಹಗಳು ಭೂಮಿಯಿಂದ ಸುಮಾರು ೨೦,೨೦೦ ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದೂ "ನಾನು ಇಲ್ಲಿದ್ದೇನೆ, ಈಗ ಇಷ್ಟು ಹೊತ್ತು" ಎಂದು ಸಾರುತ್ತಿರುತ್ತದೆ. ಆ ಸಂಕೇತ ಬೆಳಕಿನ ವೇಗದಲ್ಲಿ ಬಂದು ನಮ್ಮನ್ನು ಮುಟ್ಟಲು ಒಂದು ಸೆಕೆಂಡಿನ ಹದಿನೈದನೆಯ ಒಂದು ಭಾಗದಷ್ಟು ಕಾಲ ಬೇಕು. ಕಾಲ ತಿಳಿದರೆ ದೂರ ತಿಳಿಯುತ್ತದೆ. ಮೂರು ಉಪಗ್ರಹಗಳ ದೂರ ತಿಳಿದರೆ ನಮ್ಮ ಸ್ಥಾನ ತಿಳಿಯುತ್ತದೆ. ನಮ್ಮ ಮೊಬೈಲಿನ ಗಡಿಯಾರ ಅಷ್ಟು ನಿಖರವಲ್ಲವಾದ್ದರಿಂದ ಅದರ ತಪ್ಪನ್ನು ತಿದ್ದಲು ನಾಲ್ಕನೆಯದೊಂದು ಬೇಕು. ಗಡಿಯಾರ ಸೆಕೆಂಡಿನ ಹತ್ತು ಲಕ್ಷದ ಒಂದು ಪಾಲಿನಷ್ಟು ತಪ್ಪಿದರೆ ೩೦೦ ಮೀಟರ್ ದಾರಿ ತಪ್ಪಿದಂತೆ! ನಮ್ಮ ದೇಶವೂ ಈ ವಿದ್ಯೆಯಲ್ಲಿ ಹಿಂದೆ ಬಿದ್ದಿಲ್ಲ. ೨೦೧೩ರಿಂದ ೨೦೧೬ರವರೆಗೆ ಇಸ್ರೋ ಏಳು ಉಪಗ್ರಹಗಳನ್ನು ಹಾರಿಸಿ 'ನಾವಿಕ್' ಎಂಬ ವ್ಯವಸ್ಥೆಯನ್ನು ಕಟ್ಟಿತು. ಅದರ ಕೇಂದ್ರವನ್ನು ನಮ್ಮ ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ ಸ್ಥಾಪಿಸಿತು.

ಅಕ್ಷಾಂಶದ ಒಂದು ಮಿನಿಟು ನೆಲದ ಮೇಲೆ ಸುಮಾರು ೧,೮೫೦ ಮೀಟರ್. ಆದ್ದರಿಂದ ಮಿನಿಟಿನ ಸಾವಿರದ ಒಂದು ಭಾಗವೆಂದರೆ ಎರಡು ಮೀಟರಿಗೂ ಕಡಿಮೆ. ರೇಖಾಂಶದ ಮಿನಿಟು ಧ್ರುವದ ಕಡೆಗೆ ಹೋದಂತೆ ಕಿರಿದಾಗುತ್ತದೆ. ನಮ್ಮ ಹದಿಮೂರನೆಯ ಅಕ್ಷಾಂಶದಲ್ಲಿ ಅದು ೧,೮೦೦ ಮೀಟರಿಗೆ ಸ್ವಲ್ಪ ಹೆಚ್ಚು. ಹೀಗಿದ್ದರೂ ಸಂಖ್ಯೆಯನ್ನು ಕುರುಡಾಗಿ ನಂಬಬಾರದು. ಟಿನ್ ಫ್ಯಾಕ್ಟರಿಯಲ್ಲಿ ಮೇಲೆ ಮೆಟ್ರೋ ದಾರಿ, ಸೇತುವೆ. ಉಪಗ್ರಹದ ಸಂಕೇತ ಕಾಂಕ್ರೀಟಿಗೆ ಬಡಿದು ಸುತ್ತಿ ಬರುವುದರಿಂದ ನಾವು ನಿಂತಲ್ಲೇ ನಿಂತಿದ್ದರೂ ಮೊಬೈಲಿನ ಚುಕ್ಕೆ ರಸ್ತೆಯ ಆಚೆಗೆ ಜಿಗಿಯುತ್ತದೆ. ಕೊನೆಯ ಹತ್ತು ಹೆಜ್ಜೆಯ ಕೆಲಸವನ್ನು ಕಣ್ಣೂ ಬುದ್ಧಿಯೂ ಮಾಡಬೇಕು. ಆಟದ ಸ್ವಾರಸ್ಯವಿರುವುದೂ ಅಲ್ಲಿಯೇ.

ಇಷ್ಟೆಲ್ಲ ಓದಿಕೊಂಡ ಮೇಲೆ ಸುಮ್ಮನಿರಲಾಗಲಿಲ್ಲ. ನಾವೂ ಒಂದು ಡಬ್ಬಿಯನ್ನಿಟ್ಟೆವು. ಈಗ ಹೇಳುವುದು ನಮ್ಮ ಅವಿವೇಕದ ಕಥೆ. ಅದನ್ನು ಬಿಟ್ಟು ಬರೆದರೆ ಲೇಖನ ಪ್ರಾಮಾಣಿಕವಾಗುವುದಿಲ್ಲ.

ಹಳೆಯ ಊಟದ ಡಬ್ಬಿಯೊಂದಕ್ಕೆ ಕಪ್ಪು ಟೇಪು ಸುತ್ತಿ, ಒಳಗೆ ಒಂದು ನೋಟುಪುಸ್ತಕ, ಪೆನ್ಸಿಲು, ಎರಡು ಗೋಲಿಗಳನ್ನಿಟ್ಟು, ಬಸ್ಸು ನಿಲ್ಲುವ ಕಡೆ ಗೋಡೆಯೊಂದರ ಸಂದಿನಲ್ಲಿ ತುರುಕಿ, ಸಂಖ್ಯೆಗಳನ್ನು ಗುರುತು ಹಾಕಿಕೊಂಡು ಕಾಲೇಜಿಗೆ ಹೋದೆವು. ಮಧ್ಯಾಹ್ನ ಮರಳಿ ಬಂದಾಗ ಆ ಗೋಡೆಯ ಮುಂದೆ ಜನರನ್ನು ದೂರ ಸರಿಸಲಾಗಿತ್ತು. ಇಬ್ಬರು ಪೋಲೀಸಿನವರು ನಿಂತಿದ್ದರು. ನಾವು ಡಬ್ಬಿಯಿಡುವುದನ್ನು ಅಲ್ಲಿ ಸೀಬೆಹಣ್ಣು ಮಾರುವ ಹೆಂಗಸೊಬ್ಬರು ನೋಡಿ ಹೆದರಿ ತಿಳಿಸಿದ್ದರು. ಓಡಿಹೋಗೋಣವೆಂದು ಕಾಲು ಹೇಳಿತು. ಆದರೆ ಮೂವರೂ ಮುಂದೆ ಹೋಗಿ, ಇಟ್ಟವರು ನಾವೇ ಎಂದು ಒಪ್ಪಿಕೊಂಡೆವು. ಕಾಲೇಜಿನ ಗುರುತಿನ ಚೀಟಿ ತೋರಿಸಿ, ಡಬ್ಬಿಯನ್ನು ತೆರೆದು ತೋರಿಸಿ, ಆಟವನ್ನು ವಿವರಿಸುವಷ್ಟರಲ್ಲಿ ಗಂಟಲು ಒಣಗಿತ್ತು. ಹಿರಿಯ ಪೇದೆಯವರು, "ಏನ್ರಪ್ಪಾ, ಓದೋ ಹುಡುಗರು ನೀವು. ಡಬ್ಬಿ ಬಚ್ಚಿಡೋಕೆ ನಿಮಗೆ ಇಷ್ಟು ಜನ ಓಡಾಡೋ ಜಾಗವೇ ಬೇಕಿತ್ತಾ?" ಎಂದು ಬೈದು ಬಿಟ್ಟುಬಿಟ್ಟರು. ಅವರ ಬೈಗುಳ ಅಷ್ಟು ನಾಟಲಿಲ್ಲ. ಹಣ್ಣಿನ ಬುಟ್ಟಿಯನ್ನು ಮತ್ತೆ ಹಳೆಯ ಜಾಗಕ್ಕೆ ತಂದಿಡುತ್ತಿದ್ದ ಆ ತಾಯಿ ಹೇಳಿದ ಮಾತು ನಾಟಿತು: "ನಾನು ದಿನಾ ಕೂತ್ಕೊಳ್ಳೋದು ಇಲ್ಲೇ ತಮ್ಮಾ. ನಿಮಗೆ ಅದು ಆಟ."

ಅವರು ಹೆದರಿದ್ದರಲ್ಲಿ ತಪ್ಪೇನಿದೆ? ೨೦೨೪ರ ಮಾರ್ಚ್ ೧ರಂದು ಇದೇ ಪೂರ್ವ ಬೆಂಗಳೂರಿನ ಕುಂದಲಹಳ್ಳಿಯ ಉಪಾಹಾರ ಮಂದಿರವೊಂದರಲ್ಲಿ ಯಾರೋ ಬಿಟ್ಟುಹೋದ ಚೀಲ ಸಿಡಿದು ಹಲವರು ಗಾಯಗೊಂಡರು. ಅಂಥ ಊರಿನಲ್ಲಿ ವಾರಸುದಾರರಿಲ್ಲದ ಡಬ್ಬಿ ಆಟದ ಸಾಮಾನಲ್ಲ. ಇಂಗ್ಲೆಂಡಿನ ವೆದರ್‌ಬೀ ಪಟ್ಟಣದಲ್ಲೂ ೨೦೧೧ರಲ್ಲಿ ಇಂಥದೇ ಆಟದ ಡಬ್ಬಿಯನ್ನು ಬಾಂಬೆಂದು ಭಾವಿಸಿ ಸೈನಿಕ ತಜ್ಞರನ್ನು ಕರೆಸಿದ್ದರು. ಸ್ಥಳದ ಒಡೆಯರ ಅನುಮತಿ ಪಡೆಯಬೇಕೆಂಬುದು ಜಿಯೋಕ್ಯಾಶಿಂಗಿನ ಮೊದಲ ನಿಯಮಗಳಲ್ಲಿ ಒಂದು. ನಾವು ಅದನ್ನು ಓದಿದ್ದೆವು. ಆದರೆ ರಸ್ತೆಬದಿಗೆ ಒಡೆಯರು ಯಾರು ಎಂದು ಉದಾಸೀನ ಮಾಡಿದ್ದೆವು. ಅಲ್ಲಿ ನಿತ್ಯ ಕುಳಿತು ಹೊಟ್ಟೆ ಹೊರೆಯುವವರೂ ಒಂದು ಅರ್ಥದಲ್ಲಿ ಆ ಸ್ಥಳದ ಒಡೆಯರೇ ಎಂಬುದು ಆ ದಿನ ತಿಳಿಯಿತು.

ನಮ್ಮ ನಾಡಿನಲ್ಲಿ ಇನ್ನೊಂದು ತೊಡಕೂ ಇದೆ. ಬಚ್ಚಿಟ್ಟದ್ದನ್ನು ಹುಡುಕುವುದು ಎಂದೊಡನೆ ನಮ್ಮವರಿಗೆ ನೆನಪಾಗುವುದು ನಿಧಿ. ನಿಧಿಯಾಸೆಗೆ ಬಿದ್ದವರು ರಾತ್ರಿ ಹೊತ್ತು ಹಾಳುದೇಗುಲಗಳ ಗರ್ಭಗುಡಿಯನ್ನು ಅಗೆದು, ವೀರಗಲ್ಲುಗಳನ್ನು ಉರುಳಿಸಿ ಹೋದ ಸುದ್ದಿಯನ್ನು ಪತ್ರಿಕೆಗಳಲ್ಲಿ ನಾವು ಓದುತ್ತಲೇ ಇರುತ್ತೇವೆ. ಜಿಯೋಕ್ಯಾಶಿಂಗಿನಲ್ಲಿ ಡಬ್ಬಿಯನ್ನು ಹೂಳಕೂಡದು, ನೆಲ ಅಗೆಯಕೂಡದು ಎಂಬ ಕಟ್ಟುನಿಟ್ಟಿದೆ. ಆದರೂ ಹಳೆಯ ಮಂಟಪದ ಬಳಿ ಮೊಬೈಲು ಹಿಡಿದು ಇಣುಕುವ ಯುವಕರನ್ನು ಊರಿನವರು ನಿಧಿಗಳ್ಳರೆಂದು ಹಿಡಿದರೆ ಅವರನ್ನು ದೂರುವಂತಿಲ್ಲ. ನಿಧಿಗಳ್ಳನಿಗೂ ಈ ಆಟಗಾರನಿಗೂ ಇರುವ ಭೇದ ಒಂದೇ: ಕಳ್ಳನಿಗೆ ವಸ್ತು ಬೇಕು, ಸ್ಥಳ ಹಾಳಾದರೂ ಚಿಂತೆಯಿಲ್ಲ. ಆಟಗಾರನಿಗೆ ಸ್ಥಳ ಬೇಕು, ವಸ್ತು ಒಂದು ನೆಪ.

ಹಾಗಾದರೆ ಆ ನೆಪವನ್ನೇ ಬಿಟ್ಟುಬಿಟ್ಟರೆ ಹೇಗೆ? ಹೀಗೆ ಯೋಚಿಸಿದವರು ಹೊರಗೂ ಇದ್ದಾರೆ. ಅಮೆರಿಕದ ಭೂವಿಜ್ಞಾನ ಸಂಘ ೨೦೦೪ರಲ್ಲಿ 'ಅರ್ಥ್‌ಕ್ಯಾಶ್' ಎಂಬ ಪ್ರಕಾರವನ್ನು ಆರಂಭಿಸಿತು. ಅಲ್ಲಿ ಡಬ್ಬಿಯೇ ಇಲ್ಲ. ಬಂಡೆಯೋ ಕಣಿವೆಯೋ ಇರುವ ಸ್ಥಳಕ್ಕೆ ಹೋಗಿ, ಅಲ್ಲಿ ನಿಂತು ನೋಡಿದರೆ ಮಾತ್ರ ಗೊತ್ತಾಗುವ ಪ್ರಶ್ನೆಗಳಿಗೆ ಉತ್ತರ ಬರೆಯಬೇಕು. ನಮ್ಮ ಲಾಲ್‌ಬಾಗಿನ ಬಂಡೆ ಇದಕ್ಕೆ ಹೇಳಿ ಮಾಡಿಸಿದ್ದು. ಸುಮಾರು ಮುನ್ನೂರು ಕೋಟಿ ವರ್ಷ ಹಳೆಯದಾದ ಅದನ್ನು ರಾಷ್ಟ್ರೀಯ ಭೂವೈಜ್ಞಾನಿಕ ಸ್ಮಾರಕವೆಂದು ಸಾರಲಾಗಿದೆ. ೧೯೯೬ರಲ್ಲಿ ಅಲೆಕ್ಸ್ ಜರೆಟ್ ಎಂಬಾತ ಆರಂಭಿಸಿದ ಇನ್ನೊಂದು ಆಟದಲ್ಲಿ, ಪೂರ್ಣಾಂಕದ ಅಕ್ಷಾಂಶ ರೇಖಾಂಶಗಳು ಸಂಧಿಸುವ ಬಿಂದುವಿಗೆ ಹೋಗಿ ಚಿತ್ರ ತೆಗೆದು ಅನುಭವ ಬರೆಯುವುದಷ್ಟೇ ಕೆಲಸ. ೧೩ ಉತ್ತರ, ೭೮ ಪೂರ್ವ ಸೇರುವ ಬಿಂದು ಟಿನ್ ಫ್ಯಾಕ್ಟರಿಯಿಂದ ಸುಮಾರು ೩೫ ಕಿಲೋಮೀಟರ್ ಪೂರ್ವಕ್ಕೆ, ಮಾಲೂರಿನ ಆಚೆಗಿದೆ. ಕೃಷ್ಣರಾಜಪುರದಲ್ಲಿ ರೈಲು ಹತ್ತಿ ಮಾಲೂರಿನಲ್ಲಿ ಇಳಿದರೆ ಉಳಿದ ದಾರಿ ಸ್ವಲ್ಪವೇ. ೨೦೧೬ರಲ್ಲಿ ಎಲ್ಲೆಡೆ ಹುಚ್ಚೆಬ್ಬಿಸಿದ ಪೋಕೆಮಾನ್ ಗೋ ಕೂಡ ಡಬ್ಬಿಯಿಲ್ಲದ ಆಟವೇ. ಆದರೆ ಅದರಲ್ಲಿ ಆಡುವವನ ಕಣ್ಣು ಸ್ಥಳಕ್ಕಿಂತ ಮೊಬೈಲಿನ ಮೇಲೆಯೇ ಇರುತ್ತದೆ.

ಇನ್ನು ಬೆಂಗಳೂರಿನಲ್ಲಿ ಹುಡುಕಲು ಏನಿದೆ ಎಂದರೆ, ಸ್ಥಳಗಳನ್ನು ಅಳೆಯುವ ವಿದ್ಯೆಯ ಇತಿಹಾಸವೇ ಇಲ್ಲಿದೆ. ಶ್ರೀರಂಗಪಟ್ಟಣ ಬಿದ್ದ ಮರುವರ್ಷ, ಎಂದರೆ ೧೮೦೦ರಲ್ಲಿ, ವಿಲಿಯಂ ಲ್ಯಾಂಬ್ಟನ್ ನೂರು ಅಡಿಯ ಉಕ್ಕಿನ ಸರಪಳಿ ಹಿಡಿದು ಬಾಣಸವಾಡಿಯ ಕಡೆಯಿಂದ ಅಗರದ ಕಡೆಗೆ ಏಳು ಮೈಲಿಗೂ ಮಿಕ್ಕ ಒಂದು ಆಧಾರರೇಖೆಯನ್ನು ಅಳೆದ. ಮುಂದೆ ಭಾರತವನ್ನೆಲ್ಲ ತ್ರಿಕೋನಗಳಲ್ಲಿ ಹಿಡಿದಿಟ್ಟ ಮಹಾಮೋಜಣಿಗೆ ಅದು ಪೂರ್ವಾಭ್ಯಾಸ. ಇಂದಿರಾನಗರದ ಅಂಗಡಿಬೀದಿಗಳು ಎದ್ದಿರುವ ಪೂರ್ವದ ಬಯಲಿನಲ್ಲಿ ಅಂದು ಸರಪಳಿ ಎಳೆದಾಡಿತ್ತು. ೧೮೬೮ರಲ್ಲಿ ಮತ್ತೊಂದು ಆಧಾರರೇಖೆಯನ್ನು ಅಳೆದರು. ಅದರ ಒಂದು ತುದಿಯ ಕಟ್ಟಡ ಮೇಖ್ರಿ ವೃತ್ತದ ಬಳಿ, ಇನ್ನೊಂದು ತುದಿಯದು ಹೆಣ್ಣೂರು ರಸ್ತೆಯಾಚೆಯ ಕಣ್ಣೂರಿನಲ್ಲಿ. ಕಣ್ಣೂರಿನ ಆ ಗೋಪುರ ೨೦೨೪ರಲ್ಲಿ ನೆಲಸಮವಾಯಿತು. ನಾವು ಓದಿ, ನೋಡಿಕೊಂಡು ಬರೋಣವೆಂದು ತೀರ್ಮಾನಿಸುವ ಹೊತ್ತಿಗೆ ಅದು ಇಲ್ಲವಾಗಿತ್ತು. ಒಂದೂವರೆ ಶತಮಾನ ಒಂದು ಬಿಂದುವನ್ನು ಕಾಯುತ್ತ ನಿಂತಿದ್ದ ಕಟ್ಟಡ ಹೋಯಿತು. ಸಂಖ್ಯೆಗಳು ಮಾತ್ರ ಉಳಿದವು.

ಶಾಸನಗಳ ಕಥೆಯೂ ಇದೇ. ಬಿ. ಎಲ್. ರೈಸ್ ಅವರು 'ಎಪಿಗ್ರಾಫಿಯಾ ಕರ್ನಾಟಿಕಾ' ಸಂಪುಟಗಳಲ್ಲಿ ಶಾಸನ ಇಂಥ ಗ್ರಾಮದಲ್ಲಿ, ಇಂಥ ದೇವಾಲಯದ ಗೋಡೆಯಲ್ಲಿ, ಇಂಥ ಹೊಲದಲ್ಲಿ ಎಂದು ಮಾತಿನಲ್ಲಿ ಗುರುತು ಕೊಟ್ಟಿದ್ದಾರೆ. ಹೊಲ ಬಡಾವಣೆಯಾಗಿ, ಕೆರೆ ಮೈದಾನವಾದ ಮೇಲೆ ಆ ಗುರುತು ಒಗಟಾಗುತ್ತದೆ. ೨೦೧೮ರಲ್ಲಿ ಹೆಬ್ಬಾಳದಲ್ಲಿ ಚರಂಡಿಗಾಗಿ ಅಗೆಯುವಾಗ ಕ್ರಿ.ಶ. ಎಂಟನೆಯ ಶತಮಾನದ ಕಿತ್ತಯ್ಯನ ವೀರಗಲ್ಲು ಹೊರಬಂತು. ಆಸಕ್ತರು ಅದನ್ನು ಗುರುತಿಸಿದ್ದರಿಂದ ಅದು ಉಳಿಯಿತು. ಈಚೆಗೆ ಹವ್ಯಾಸಿಗಳು ರೈಸ್ ಅವರ ಮಾತನ್ನೇ ಸುಳಿವಾಗಿ ಹಿಡಿದು ಕಲ್ಲುಗಳನ್ನು ಹುಡುಕಿ ಅಕ್ಷಾಂಶ ರೇಖಾಂಶಗಳನ್ನು ದಾಖಲಿಸುತ್ತಿದ್ದಾರೆ. ೧೯೦೯ರಲ್ಲಿ ಸ್ಥಾಪಿತವಾದ ನಮ್ಮ ಮಿಥಿಕ್ ಸೊಸೈಟಿಯು ೨೦೨೧ರಿಂದ ಬೆಂಗಳೂರು ಪ್ರಾಂತದ ಶಾಸನಗಳ ಮೂರು ಆಯಾಮದ ಪ್ರತಿಗಳನ್ನು ತೆಗೆಯುವ ಕೆಲಸವನ್ನು ಕೈಗೊಂಡಿದೆ. ಇದಕ್ಕಿಂತ ಒಳ್ಳೆಯ ಜಿಯೋಕ್ಯಾಶಿಂಗ್ ಬೇರೆ ಯಾವುದಿದ್ದೀತು? ಬಚ್ಚಿಟ್ಟವನು ಕಾಲಪುರುಷ, ಹುಡುಕಿದವನಿಗೆ ಸಿಗುವುದು ನಮ್ಮದೇ ಊರಿನ ಹೆಸರು.

ಈ ಎಲ್ಲವನ್ನೂ ವಿಚಾರ ಮಾಡಿ ನಾವು ಮೂವರು ಟಿನ್ ಫ್ಯಾಕ್ಟರಿಯ ಸುತ್ತ ಡಬ್ಬಿಯಿಲ್ಲದ ಒಂದು ಪುಟ್ಟ ಆಟವನ್ನು ಅಣಿಮಾಡಿದ್ದೇವೆ. ಐದು ಸ್ಥಳ, ಐದು ಪ್ರಶ್ನೆ. ಉತ್ತರಗಳನ್ನು ಇಲ್ಲಿ ಕೊಡುವುದಿಲ್ಲ.

ಒಂದು, ಕೃಷ್ಣರಾಜಪುರ ರೈಲು ನಿಲ್ದಾಣದ ಹಳದಿ ಫಲಕದಲ್ಲಿ ಊರಿನ ಹೆಸರಿನ ಜೊತೆಗೆ ಸಮುದ್ರಮಟ್ಟದಿಂದ ಎಷ್ಟು ಎತ್ತರವೆಂದು ಬರೆದಿದೆ? ಹದಿಮೂರನೆಯ ರೇಖೆಯ ಪೂರ್ವ ತುದಿಯಾದ ಅಡ್ಯಾರಿನ ಕಡಲಂಚಿಗೆ ಹೋಗುವಷ್ಟರಲ್ಲಿ ನಾವು ಎಷ್ಟು ಇಳಿಯುತ್ತೇವೆ? ಎರಡು, ೨೦೦೩ರಲ್ಲಿ ಸಂಚಾರಕ್ಕೆ ತೆರೆದ ತೂಗುಸೇತುವೆಯ ಒಂದು ಬದಿಯಲ್ಲಿ ಎಷ್ಟು ತಂತಿಗಳಿವೆ? ಮೂರು, ಬೆನ್ನಿಗಾನಹಳ್ಳಿ ಕೆರೆಯ ದಂಡೆಯಿಂದ ಕಾಣುವ ರಸ್ತೆ, ರೈಲು, ಮೆಟ್ರೋ ದಾರಿಗಳ ನಕ್ಷೆಯನ್ನು ಬರೆಯಿರಿ; ಕೆರೆ ಅವುಗಳಿಗಿಂತ ಹಿಂದಿನದೇ, ಮುಂದಿನದೇ ಎಂದು ಊಹಿಸಿ ಕಾರಣ ಕೊಡಿ. ನಾಲ್ಕು, ದೂರವಾಣಿನಗರಕ್ಕೆ ಆ ಹೆಸರು ಬರಲು ೧೯೪೮ರಲ್ಲಿ ಸ್ಥಾಪಿತವಾದ ಯಾವ ಕಾರ್ಖಾನೆ ಕಾರಣ? ಅಲ್ಲಿ ದುಡಿದ ಹಿರಿಯರೊಬ್ಬರಿಂದ ಎರಡು ವಾಕ್ಯ ಬರೆಸಿಕೊಂಡು ಬನ್ನಿ. ಐದು, ಮಳೆ ಬಂದಾಗ ಟಿನ್ ಫ್ಯಾಕ್ಟರಿಯ ನೀರು ಯಾವ ಕಡೆಗೆ ಹರಿಯುತ್ತದೆ? ಇದಕ್ಕೆ ಮೊಬೈಲಿನಲ್ಲಿ ಉತ್ತರವಿಲ್ಲ; ಅಲ್ಲಿ ನಿತ್ಯ ಕೂರುವವರನ್ನು ಕೇಳಬೇಕು.

ನಿಯಮಗಳು ಕೆಲವೇ. ರೈಲು ಹಳಿಗೆ ಇಳಿಯಕೂಡದು. ರಸ್ತೆ ದಾಟುವಾಗ ಮೊಬೈಲು ಜೇಬಿನಲ್ಲಿರಬೇಕು. ಇಬ್ಬರಿಗಿಂತ ಕಡಿಮೆ ಹೋಗಕೂಡದು, ಹಗಲಿನಲ್ಲಿಯೇ ಹೋಗಬೇಕು. ಏನನ್ನೂ ಇಡಕೂಡದು, ಏನನ್ನೂ ತರಕೂಡದು. ಕೇಳಿದವರಿಗೆ ನಿಜ ಹೇಳಬೇಕು. ಉತ್ತರಗಳನ್ನು ಬರೆಯಲು ಭೂಗೋಳ ವಿಭಾಗದಲ್ಲಿ ಒಂದು ದಿನಚರಿ ಪುಸ್ತಕವನ್ನು ಇಟ್ಟಿದೆ. ಅದು ನಮ್ಮ ಮೊದಲ ಡಬ್ಬಿಯಲ್ಲಿದ್ದ ನೋಟುಪುಸ್ತಕವೇ. ಮುಚ್ಚಳದ ಮೇಲೆ ಟೇಪಿನ ಗುರುತು ಇನ್ನೂ ಇದೆ.

ಆ ಪುಸ್ತಕದ ಮೊದಲ ಪುಟದಲ್ಲಿ ಐದನೆಯ ಪ್ರಶ್ನೆಗೆ ಉತ್ತರವನ್ನು ಬರೆದಾಗಿದೆ. ಕೊಟ್ಟವರು ಸೀಬೆಹಣ್ಣಿನ ತಾಯಿ. ನಾವು ಕ್ಷಮೆ ಕೇಳಲು ಹೋದ ದಿನ ಅವರು ನಕ್ಕು, ಯಾವ ಮಳೆಗೆ ಎಲ್ಲಿಯವರೆಗೆ ನೀರು ಬರುತ್ತದೆ, ಬುಟ್ಟಿಯನ್ನು ಯಾವ ಕಲ್ಲಿನ ಮೇಲೆ ಎತ್ತಿಡಬೇಕಾಗುತ್ತದೆ ಎಂದು ಕೈ ಮಾಡಿ ತೋರಿಸಿದರು. ನಾನು ಅಷ್ಟು ದಿನ ಅವರಿಂದ ನಾಲ್ಕು ಹೆಜ್ಜೆ ದೂರದಲ್ಲೇ ನಿಂತಿದ್ದರೂ ಆ ಕಲ್ಲನ್ನು ನೋಡಿರಲಿಲ್ಲ. ಸಹಪಾಠಿಗಳೂ ಅಧ್ಯಾಪಕರೂ ಉಳಿದ ಪುಟಗಳನ್ನು ತುಂಬಿಸಿಕೊಡಬೇಕೆಂದು ಕೋರಿ ಈ ಲೇಖನವನ್ನು ಮುಗಿಸುತ್ತೇನೆ.